ಸೇನೆಯಿಂದ ಮರಳಿದವರ ಮನಸ್ಸಿನ ನೋವಿಗೂ ಮದ್ದಿದೆ



ಈ ಪುಟದಲ್ಲಿ ಸಾಮಾನ್ಯವಾಗಿ ಕೆಚ್ಚಲು ಬಾವು, ಹಸಿರು ಮೇವಿನ ವಿಚಾರ ಬರೆಯುತ್ತೇನೆ. ಈ ಬಾರಿಯ ವಿಷಯ ಬೇರೆ.

ಬೈಂದೂರು ಕಡೆಯ ಒಂದು ಹಟ್ಟಿಯಲ್ಲಿ ಹಸುವಿಗೆ ಚಿಕಿತ್ಸೆ ಮುಗಿಸಿ ಕೈ ತೊಳೆಯುತ್ತಿದ್ದಾಗ ಮನೆಯಾಕೆ ಮೆಲ್ಲನೆ ಕೇಳಿದರು: "ಡಾಕ್ಟ್ರೇ, ದನಕ್ಕೆ ಮದ್ದ್ ಕೊಟ್ರಿ. ಇವ್ರಿಗೂ ಮದ್ದ್ ಇತ್ತಾ?" ಪತಿ ನಿವೃತ್ತ ಯೋಧರು. ರಾತ್ರಿ ಬೆಚ್ಚಿ ಏಳುತ್ತಾರೆ. ಜಾತ್ರೆಯ ಗರ್ನಾಲು ಕೇಳಿದರೆ ಬೆವರುತ್ತಾರೆ. ಊರವರು "ಮುಂಗೋಪಿ" ಎಂದು ದೂರವಿಟ್ಟಿದ್ದರು.

ಕರೆಯುವಾಗ ಹೆದರಿದ ಹಸು ಹಾಲು ಇಳಿಸುವುದಿಲ್ಲವೆಂದು ನಿಮಗೆ ತಿಳಿದಿದೆ. ಹೆದರಿಕೆಯಿಂದ ರಕ್ತಕ್ಕೆ ಸೇರುವ ಅಡ್ರಿನಲಿನ್, ಹಾಲಿಳಿಸುವ ಆಕ್ಸಿಟೋಸಿನ್‌ನ ಕೆಲಸವನ್ನು ತಡೆಯುತ್ತದೆ. ಅದು ಹಸುವಿನ ಹಟವಲ್ಲ. ಹಾಗೆಯೇ, ಸಾವನ್ನು ಹತ್ತಿರದಿಂದ ಕಂಡ ಮನುಷ್ಯನ ಮನಸ್ಸು ಮತ್ತು ದೇಹ ಅಪಾಯ ಕಳೆದ ಮೇಲೂ ವರ್ಷಗಟ್ಟಲೆ ಎಚ್ಚರದಲ್ಲೇ ಉಳಿಯಬಹುದು. ಮೊದಲ ಮಹಾಯುದ್ಧದ ಕಾಲದಲ್ಲಿ ಇಂಥದನ್ನು "ಶೆಲ್ ಶಾಕ್" ಎಂದರು. 1980ರಲ್ಲಿ ವೈದ್ಯಶಾಸ್ತ್ರ ಇದಕ್ಕೆ ಪಿಟಿಎಸ್‌ಡಿ ಎಂದು ಹೆಸರಿಟ್ಟಿತು. 1987–90ರ ಶ್ರೀಲಂಕಾ, 1999ರ ಕಾರ್ಗಿಲ್ ಕಾರ್ಯಾಚರಣೆಗಳಲ್ಲಿ ದುಡಿದವರಿಗೂ ಇದು ಬರಬಹುದು. ಎಲ್ಲ ಯೋಧರಿಗೂ ಬರುವುದಿಲ್ಲ. ಬಂದರೆ ಅದು ಹೇಡಿತನವೂ ಅಲ್ಲ.

ಲಕ್ಷಣಗಳು: ಕೆಟ್ಟ ಕನಸು, ನಡೆದದ್ದು ಕಣ್ಣಮುಂದೆ ಮರುಕಳಿಸುವುದು, ಸದ್ದಿಗೆ ಬೆಚ್ಚುವುದು, ಸಿಟ್ಟು, ಜನರಿಂದ ದೂರವಿರುವುದು. ನಿದ್ದೆಗಾಗಿ ಕುಡಿತಕ್ಕೆ ಬೀಳುವುದೂ ಉಂಟು. ಒಂದು ತಿಂಗಳಿಗೂ ಮೀರಿದರೆ ಮನೋವೈದ್ಯರನ್ನು ಕಾಣಬೇಕು. ಸಮಾಲೋಚನೆ ಮತ್ತು ಔಷಧದಿಂದ ಅನೇಕರು ಚೇತರಿಸಿಕೊಳ್ಳುತ್ತಾರೆ.

ಮನೆಯವರು ಮತ್ತು ಸಂಘದವರು ಗಮನಿಸಬೇಕಾದ ಅಂಶಗಳು:

1. "ಎಷ್ಟು ಜನರನ್ನು ಕೊಂದಿರಿ?" ಎಂದು ಕೆದಕಬೇಡಿ. ಅವರಾಗಿ ಹೇಳಿದರೆ ಕೇಳಿಸಿಕೊಳ್ಳಿ.
2. ಮಲಗಿದವರನ್ನು ಮುಟ್ಟಿ ಎಬ್ಬಿಸಬೇಡಿ. ದೂರದಿಂದ ಹೆಸರು ಹಿಡಿದು ಕರೆಯಿರಿ.
3. ಗರ್ನಾಲು, ಪಟಾಕಿಯ ಸಮಯವನ್ನು ಮೊದಲೇ ತಿಳಿಸಿ.
4. ಸಾಯುವ ಮಾತಾಡಿದರೆ ಒಬ್ಬರನ್ನೇ ಬಿಡಬೇಡಿ. ಬೆಳೆ ರಕ್ಷಣೆಯ ಕೋವಿ, ಕೀಟನಾಶಕ ಕೈಗೆ ಸಿಗದಂತಿಡಿ. ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.
5. ಟೆಲಿ ಮಾನಸ್ ಸಂಖ್ಯೆ 14416. 2022ರಲ್ಲಿ ಆರಂಭವಾದ ಈ ಸೇವೆ ಉಚಿತ. ಹಗಲು ರಾತ್ರಿ ಕನ್ನಡದಲ್ಲೇ ಮಾತನಾಡಬಹುದು.
6. ಮಾಜಿ ಸೈನಿಕರಿಗಾಗಿ 2003ರಿಂದ ಇ.ಸಿ.ಎಚ್.ಎಸ್. ಆರೋಗ್ಯ ಯೋಜನೆ ಇದೆ. ಕಾರ್ಡು ಇದ್ದರೆ ಪಾಲಿಕ್ಲಿನಿಕ್‌ನಲ್ಲಿ ವಿಚಾರಿಸಿ.

ಹಸು ಸಾಕಣೆಯಿಂದಲೂ ಪ್ರಯೋಜನವಿದೆ. ಹೊತ್ತಿಗೆ ಸರಿಯಾಗಿ ಏಳುವುದು, ಮೇವು ಹಾಕುವುದು, ಸಂಘಕ್ಕೆ ಬಂದು ನಾಲ್ಕು ಜನರನ್ನು ಕಾಣುವುದು ದಿನಕ್ಕೊಂದು ಕ್ರಮ ಕೊಡುತ್ತದೆ. ಆದರೆ ಇದು ಚಿಕಿತ್ಸೆಗೆ ಬದಲಿಯಲ್ಲ. ಮದ್ದನ್ನು ವೈದ್ಯರನ್ನು ಕೇಳದೆ ನಿಲ್ಲಿಸಬಾರದು.

ಆ ಯೋಧರು ಈಗ ಚಿಕಿತ್ಸೆಯಲ್ಲಿದ್ದಾರೆ. ಗರ್ನಾಲಿಗೆ ಇನ್ನೂ ಬೆಚ್ಚುತ್ತಾರೆ, ಆದರೆ ನಿದ್ದೆ ಬರುತ್ತಿದೆ. ಬೆಳಿಗ್ಗೆ ಕ್ಯಾನು ಹಿಡಿದು ತಾವೇ ಸಂಘಕ್ಕೆ ಬರುತ್ತಾರೆ. ನಿಮ್ಮ ಸಂಘದಲ್ಲೂ ಇಂಥವರೊಬ್ಬರು ಮೌನವಾಗಿ ಹಾಲು ಅಳೆದು ಹೋಗುತ್ತಿದ್ದರೆ, ನಾಳೆ ಒಂದು ಮಾತನಾಡಿಸಿ ನೋಡಿ.