ಕಿರಿಯ ಉಗಿಬಂಡಿಯ ಜೀವನಾಡಿ

ದೊಡ್ಡ ಯಂತ್ರವನ್ನು ನಿರ್ಮಿಸುವುದಕ್ಕಿಂತ ಅದರ ಕಿರಿಯ ಪ್ರತಿರೂಪವನ್ನು ನಿರ್ಮಿಸುವುದು ಸುಲಭವೆಂಬುದು ಸಾಮಾನ್ಯರ ಭಾವನೆ. ವಸ್ತು ಕಡಮೆ, ವೆಚ್ಚ ಕಡಮೆ. ಆದುದರಿಂದ ಶ್ರಮವೂ ಕಡಮೆಯಿರಬೇಕೆಂದು ಅವರ ತರ್ಕ. ಕಪಾಟಿನಲ್ಲಿಡುವ ಆಟಿಕೆಯ ಮಟ್ಟಿಗೆ ಈ ಮಾತು ಸಲ್ಲಬಹುದು. ಕಲ್ಲಿದ್ದಲು ಉರಿಸಿ, ನೀರು ಕಾಯಿಸಿ, ಉಗಿಯ ಬಲದಿಂದಲೇ ಮನುಷ್ಯರನ್ನು ಎಳೆದೊಯ್ಯುವ ಪುಟ್ಟ ರೈಲು ಎಂಜಿನ್ನಿನ ವಿಷಯದಲ್ಲಿ ಅದು ಎಷ್ಟುಮಾತ್ರಕ್ಕೂ ಸಲ್ಲದು.

ಇಂತಹ ಎಂಜಿನ್ನುಗಳನ್ನು ಮನೆಯಲ್ಲಿಯೇ ತಯಾರಿಸುವ ಹವ್ಯಾಸ ಇಂಗ್ಲೆಂಡಿನಲ್ಲಿ ಒಂದು ಶತಮಾನಕ್ಕೂ ಮೀರಿ ಬೆಳೆದುಬಂದಿದೆ. 1898ರಲ್ಲಿ ಪರ್ಸಿವಲ್ ಮಾರ್ಷಲ್ ಎಂಬವರು ‘ಮಾಡೆಲ್ ಎಂಜಿನಿಯರ್’ ಎಂಬ ಪತ್ರಿಕೆಯನ್ನು ಆರಂಭಿಸಿದರು. ಅದರಲ್ಲಿ ದಶಕಗಳ ಕಾಲ ‘ಎಲ್.ಬಿ.ಎಸ್.ಸಿ.’ ಎಂಬ ಅಂಕಿತದಿಂದ ಬರೆದ ಲೇಖಕರೊಬ್ಬರಿದ್ದರು. ತಾವು ಹಿಂದೆ ದುಡಿದಿದ್ದ ಲಂಡನ್, ಬ್ರೈಟನ್ ಅಂಡ್ ಸೌತ್ ಕೋಸ್ಟ್ ರೈಲ್ವೆಯ ಮೊದಲಕ್ಷರಗಳನ್ನೇ ಅವರು ಹೆಸರಾಗಿ ಧರಿಸಿದ್ದರು. 1967ರಲ್ಲಿ ತೀರಿಕೊಂಡ ಈ ಮಹನೀಯರು, ಒಂದು ಸಣ್ಣ ಲೇತ್ ಯಂತ್ರವೂ ತಾಳ್ಮೆಯೂ ಇದ್ದರೆ ಸಾಮಾನ್ಯ ಗೃಹಸ್ಥನೂ ಓಡುವ ಉಗಿಬಂಡಿಯನ್ನು ಮಾಡಬಲ್ಲನೆಂದು ಅಸಂಖ್ಯ ವಾಚಕರಿಗೆ ಹಂತಹಂತವಾಗಿ ಕಲಿಸಿದರು.

ಈ ಹವ್ಯಾಸಿಗಳು ಬಳಸುವ ಅಳತೆಗಳಲ್ಲಿ ಹಳಿಗಳ ನಡುವೆ 3½ ಅಂಗುಲ ಅಂತರವಿರುವುದು ಒಂದು. ಅದರ ಪ್ರಕಾರ ಎಂಜಿನ್ನಿನ ಉದ್ದಗಲಗಳು ಮೂಲದ 16ನೆಯ ಒಂದು ಅಂಶವಾಗುತ್ತವೆ. ಆಗ ಮೇಲ್ಮೈ 256ರಲ್ಲಿ ಒಂದು ಪಾಲಿಗೂ, ಗಾತ್ರ 4,096ರಲ್ಲಿ ಒಂದು ಪಾಲಿಗೂ ಇಳಿಯುತ್ತದೆ. ಆದರೆ ಬೆಂಕಿ, ನೀರು, ಉಗಿಗಳ ಸ್ವಭಾವ ಮಾತ್ರ ಅದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲ. ದೊಡ್ಡ ಎಂಜಿನ್ನಿನ ಕೊಳವೆಯಲ್ಲಿ ಲೆಕ್ಕಕ್ಕೇ ಬಾರದ ಧೂಳಿನ ಕಣವೊಂದು ಚಿಕ್ಕದರಲ್ಲಿ ದಾರಿಯನ್ನೇ ಮುಚ್ಚಬಲ್ಲುದು. ನಕ್ಷೆಯನ್ನು ಕಿರಿದುಗೊಳಿಸಬಹುದು, ನಿಸರ್ಗವನ್ನು ಕಿರಿದುಗೊಳಿಸಲಾಗದು.

ಇದಕ್ಕೆ ಉತ್ತಮ ನಿದರ್ಶನ ‘ಇಂಜೆಕ್ಟರ್’ ಎಂಬ ಬಿಡಿಭಾಗ. ಪುಟ್ಟ ಬಾಯ್ಲರಿನಲ್ಲಿ ಹಿಡಿಯುವ ನೀರೇ ಅಲ್ಪ. ಓಡುವಾಗ ಅದು ಕೆಲವೇ ನಿಮಿಷಗಳಲ್ಲಿ ಇಳಿಯತೊಡಗುತ್ತದೆ. ಒಲೆಗೂಡಿನ ಮೇಲ್ಚಾವಣಿ ನೀರಿನಿಂದ ಹೊರಬಿದ್ದರೆ ಅಲ್ಲಿಯ ತಾಮ್ರದ ತಗಡು ಮಿತಿಮೀರಿ ಕಾದು, ಮೆತ್ತಗಾಗಿ, ಒತ್ತಡಕ್ಕೆ ಕುಸಿಯುತ್ತದೆ. ಬಂಡಿಯ ಹಿಂದೆ ಅನೇಕ ವೇಳೆ ಮಕ್ಕಳೇ ಕುಳಿತಿರುತ್ತಾರೆಂಬುದನ್ನು ನೆನೆದರೆ ಇದರ ಗಾಂಭೀರ್ಯ ಮನವರಿಕೆಯಾದೀತು. ಆದ್ದರಿಂದ ಕೈಪಂಪು, ಚಕ್ರದ ಅಚ್ಚಿನಿಂದ ನಡೆಯುವ ಪಂಪು, ಇಂಜೆಕ್ಟರ್ ಹೀಗೆ ನೀರುಣಿಸಲು ಒಂದಕ್ಕಿಂತ ಹೆಚ್ಚು ಮಾರ್ಗಗಳನ್ನು ಇಟ್ಟುಕೊಳ್ಳುತ್ತಾರೆ.

ಇಂಜೆಕ್ಟರನ್ನು 1858ರಲ್ಲಿ ರೂಪಿಸಿದವರು ಫ್ರಾನ್ಸಿನ ಆನ್ರಿ ಜಿಫಾರ್. ಬಾಯ್ಲರಿನ ಉಗಿಯೇ ಅದೇ ಬಾಯ್ಲರಿನೊಳಕ್ಕೆ ನೀರನ್ನು ತಳ್ಳುವುದು ಇದರ ಸೋಜಿಗ. ಇದರಲ್ಲಿ ಸಾಲಾಗಿ ಮೂರು ಶಂಕುಗಳಿವೆ. ಮೊದಲನೆಯದರಲ್ಲಿ ಉಗಿ ಹಿಗ್ಗಿ ಮಹಾವೇಗವನ್ನು ಪಡೆಯುತ್ತದೆ. ಎರಡನೆಯದರಲ್ಲಿ ತಣ್ಣೀರನ್ನು ಕೂಡಿ, ತಾನು ನೀರಾಗಿ, ತನ್ನ ವೇಗವನ್ನು ಅದಕ್ಕೆ ಧಾರೆಯೆರೆಯುತ್ತದೆ. ಮೂರನೆಯದು ಮುಂದೆ ಮುಂದೆ ಅಗಲವಾಗುವುದರಿಂದ ನೀರಿನ ವೇಗ ತಗ್ಗಿ ಒತ್ತಡ ಏರುತ್ತದೆ. ಆ ಒತ್ತಡ ಬಾಯ್ಲರಿನದನ್ನು ಮೀರಿದೊಡನೆ ಕವಾಟ ತೆರೆದು ನೀರು ಒಳನುಗ್ಗುತ್ತದೆ. ಅಲುಗಾಡುವ ದಂಡವಿಲ್ಲ, ಚಕ್ರವಿಲ್ಲ. ಎಲ್ಲವೂ ಶಂಕುಗಳ ಆಕಾರವನ್ನೇ ನಂಬಿದೆ.

ಹೀಗಿರುವಾಗ ಅವುಗಳ ನಿರ್ಮಾಣ ಎಷ್ಟು ಸೂಕ್ಷ್ಮವೆಂಬುದನ್ನು ಹೇಳಬೇಕಾಗಿಲ್ಲ. ಚಿಕ್ಕ ಎಂಜಿನ್ನಿನಲ್ಲಿ ಕೊನೆಯ ಶಂಕುವಿನ ಕಂಠದ ರಂಧ್ರ ಸುಮಾರು ಅರ್ಧ ಮಿಲಿಮೀಟರ್ ಮಾತ್ರ. ಇಷ್ಟು ಸಣ್ಣ ಬೈರಿಗೆಯನ್ನು ಅತಿವೇಗದಲ್ಲಿ ತಿರುಗುವ ಹಿತ್ತಾಳೆಯೊಳಗೆ ಕೂದಲೆಳೆಯಷ್ಟೇ ನೂಕಿ, ಹೊರತೆಗೆದು, ಚೂರುಗಳನ್ನು ಒರೆಸಿ ಮತ್ತೆ ನೂಕಬೇಕು. ಅವಸರಪಟ್ಟರೆ ಬೈರಿಗೆ ಮುರಿದು ಒಳಗೇ ಉಳಿಯುತ್ತದೆ. ಆವರೆಗಿನ ಶ್ರಮವೆಲ್ಲ ವ್ಯರ್ಥ.

ರಂಧ್ರವನ್ನು ಶಂಕುವಿನಾಕಾರಕ್ಕೆ ತರುವ ಉಪಕರಣವನ್ನು ಕುಶಲಿಯು ಸಾಮಾನ್ಯವಾಗಿ ತಾನೇ ಮಾಡಿಕೊಳ್ಳುತ್ತಾನೆ. ಹೆಸರಿನಲ್ಲಿ ಮಾತ್ರ ಬೆಳ್ಳಿಯಿರುವ ‘ಸಿಲ್ವರ್ ಸ್ಟೀಲ್’ ಎಂಬ ಇಂಗಾಲದ ಉಕ್ಕಿನ ಸರಳನ್ನು ಲೇತಿನಲ್ಲಿ ಕೆಲವೇ ಡಿಗ್ರಿ ಓರೆಯಾಗಿ ಕಡೆದು, ಅರದಿಂದ ಉಜ್ಜಿ ದಪ್ಪದಲ್ಲಿ ಅರ್ಧವನ್ನಷ್ಟೇ ಉಳಿಸುತ್ತಾನೆ. ಬಳಿಕ ಕೆಂಪಗೆ ಕಾಯಿಸಿ ನೀರಿನಲ್ಲಿ ಅದ್ದಿದರೆ ಅದು ಗಡುಸಾಗುತ್ತದೆ. ಒಣಹುಲ್ಲಿನ ಹಳದಿ ಬಣ್ಣ ಬರುವವರೆಗೆ ಮತ್ತೆ ಮೆಲ್ಲಗೆ ಕಾಯಿಸಿದರೆ ಅದರ ಪೆಡಸುತನ ತಗ್ಗುತ್ತದೆ. ನಮ್ಮ ಹಳ್ಳಿಯ ಕಮ್ಮಾರನು ಕುಡುಗೋಲಿಗೆ ಹದ ಹಿಡಿಸುವ ವಿದ್ಯೆಯೂ ಈ ಜಾತಿಯದೇ. ಹೀಗೆ ಒಂದು ಗಳಿಗೆಯ ಕೊರೆತಕ್ಕಾಗಿ ಒಂದು ಸಂಜೆಯ ಸಿದ್ಧತೆ ಸಲ್ಲುತ್ತದೆ. ಕೆಲಸಕ್ಕೆ ಮೊದಲು ಉಪಕರಣ, ಉಪಕರಣಕ್ಕೆ ಮೊದಲು ಅಳತೆ ಎಂಬ ಕ್ರಮವನ್ನು ಇಲ್ಲಿ ಯಾರೂ ಮೀರುವಂತಿಲ್ಲ.

ಇಷ್ಟಾದರೂ ನೀರು ಬಿಸಿಯಾಗಿದ್ದರೆ, ಕೊಳವೆಯ ಜೋಡಣೆಯಲ್ಲಿ ಗಾಳಿ ಸೋರಿದರೆ, ಸುಣ್ಣದ ಹಕ್ಕಳೆ ಕಟ್ಟಿದರೆ ಇಂಜೆಕ್ಟರ್ ಕೈಕೊಡುತ್ತದೆ. ಹೊರಗಿನ ಹೊಳಪನ್ನು ನೋಡಿ ಅದು ಯಾರಿಗೂ ಮರುಳಾಗದು. ನೀರನ್ನು ಎತ್ತುತ್ತದೆ ಅಥವಾ ಎತ್ತುವುದಿಲ್ಲ, ಇವೆರಡೇ ಅದರ ಉತ್ತರ. ಬಾಯ್ಲರಿಗೂ ಇಂಥದೇ ನಿಷ್ಠುರ ಪರೀಕ್ಷೆಯುಂಟು. ಇಂಗ್ಲೆಂಡಿನ ಹವ್ಯಾಸಿ ಸಂಘಗಳಲ್ಲಿ ಹೊಸ ಬಾಯ್ಲರಿಗೆ ಮೊದಲು ತಣ್ಣೀರು ತುಂಬಿ, ಮುಂದೆ ಓಡುವಾಗ ಇರುವುದರ ಎರಡರಷ್ಟು ಒತ್ತಡವನ್ನು ಕೊಟ್ಟು ನೋಡುತ್ತಾರೆ. ಅದರಲ್ಲಿ ತೇರ್ಗಡೆಯಾದ ಮೇಲೆಯೇ ಬೆಂಕಿಯ ಮಾತು.

ಸಿದ್ಧಪಡಿಸಿದ ಇಂಜೆಕ್ಟರ್ ಇಂದು ಹಣಕ್ಕೆ ದೊರೆಯುತ್ತದೆ. ಕೊಂಡು ಅಳವಡಿಸುವವರೇ ಬಹಳ. ಅದರಲ್ಲಿ ದೋಷವೇನೂ ಇಲ್ಲ. ಆದರೂ ಕೆಲವರು ಇನ್ನೂ ತಾವೇ ಕಡೆಯುತ್ತಾರೆ. ಕೊಂಡವನಿಗೆ ಅದು ನಿಂತಾಗ ನಿಂತಿತೆಂದಷ್ಟೇ ತಿಳಿಯುತ್ತದೆ. ಮಾಡಿದವನಿಗೆ ಏಕೆ ನಿಂತಿತೆಂಬುದು ಹೊಳೆಯುತ್ತದೆ. ಮಕ್ಕಳನ್ನು ಹಿಂದೆ ಕೂರಿಸಿಕೊಂಡು ಬೆಂಕಿಯ ಮುಂದೆ ಕುಳಿತವನಿಗೆ ಈ ಎರಡನೆಯ ತಿಳಿವಳಿಕೆಯೇ ನಿಜವಾದ ರಕ್ಷಣೆ.