ಗಮನವೂ ಅವಧಾನವೂ

ನಾವು ಉಪಾಧ್ಯಾಯರು ದಿನಕ್ಕೆ ಹತ್ತು ಬಾರಿಯಾದರೂ ಆಡುವ ಮಾತೊಂದಿದೆ: "ಗಮನವಿಟ್ಟು ಕೇಳಿ." ಮಾತು ಕಿವಿಗೆ ಬಿದ್ದೊಡನೆ ಹುಡುಗರು ಹುಬ್ಬು ಗಂಟಿಕ್ಕುತ್ತಾರೆ, ಮೈ ಬಿಗಿಹಿಡಿಯುತ್ತಾರೆ, ಉಸಿರನ್ನೂ ತಡೆಯುತ್ತಾರೆ. ಎರಡು ನಿಮಿಷ ಬಿಟ್ಟು, "ಏನನ್ನು ಗಮನಿಸಿದಿರಿ?" ಎಂದು ಕೇಳಿದರೆ ಉತ್ತರವಿಲ್ಲ. ಅವರು ಗಮನಿಸಿದ್ದು ಏನನ್ನೂ ಅಲ್ಲ. ಸ್ನಾಯುಗಳನ್ನು ಬಿಗಿಮಾಡಿದ್ದರು, ಅಷ್ಟೆ. ಈ ಅವಲೋಕನ ನನ್ನದಲ್ಲ. ಫ್ರಾನ್ಸಿನ ಸಿಮೋನ್ ವೇಯ್ ಎಂಬಾಕೆ 1942ರಲ್ಲಿ ಬರೆದದ್ದು. ಅದರ ಇಂಗ್ಲಿಷ್ ಅನುವಾದವನ್ನು ಓದುತ್ತಿದ್ದಾಗ, ಈಕೆ ನನ್ನ ತರಗತಿಯ ಕಿಟಕಿಯಲ್ಲಿ ನಿಂತು ಇಣುಕಿದ್ದಳೋ ಎಂಬ ಅನುಮಾನ ಬಂದಿತು.

ಆಕೆಯೂ ಉಪಾಧ್ಯಾಯಿನಿಯೇ. 1909ರಲ್ಲಿ ಪ್ಯಾರಿಸಿನ ಯೆಹೂದಿ ಮನೆತನವೊಂದರಲ್ಲಿ ಹುಟ್ಟಿದವಳು, ತಂದೆ ವೈದ್ಯ. ಅಣ್ಣ ಆಂಡ್ರೆ ಹೆಸರಾಂತ ಗಣಿತಜ್ಞ, 1930ರಿಂದ ಎರಡು ವರ್ಷ ನಮ್ಮ ಆಲಿಗಢದಲ್ಲಿ ಪಾಠ ಹೇಳಿದ್ದವನು. ಅಣ್ಣನ ಪ್ರತಿಭೆಯ ಮುಂದೆ ತಾನು ಏನೂ ಅಲ್ಲವೆಂಬ ನಿರಾಶೆ ಹದಿನಾಲ್ಕರ ವಯಸ್ಸಿನಲ್ಲಿ ಆಕೆಯನ್ನು ಸಾವಿನ ಯೋಚನೆಯವರೆಗೆ ಒಯ್ದಿತ್ತು. ಪ್ರತಿಭೆ ಇಲ್ಲದವನಿಗೂ ಅವಧಾನದ ಬಲದಿಂದ ಸತ್ಯದ ಬಾಗಿಲು ತೆರೆದೀತೆಂಬ ನಂಬಿಕೆಯೇ ಆಗ ಕೈಹಿಡಿದದ್ದು. ಮುಂದೆ ತತ್ತ್ವಶಾಸ್ತ್ರದ ಅಧ್ಯಾಪಿಕೆಯಾದಳು. ಕಾರ್ಮಿಕರ ಬಾಳನ್ನು ಪುಸ್ತಕದಲ್ಲಿ ಓದಿದರೆ ಸಾಲದೆಂದು ರಜೆ ಹಾಕಿ 1934–35ರಲ್ಲಿ ಕಾರ್ಖಾನೆಗಳಲ್ಲಿ ಕೂಲಿಮಾಡಿದಳು. ಕ್ರಿಸ್ತನನ್ನು ಮನಸಾರೆ ಒಪ್ಪಿಯೂ ಚರ್ಚಿನ ಹೊಸ್ತಿಲಲ್ಲೇ ನಿಂತಳು. ಗೀತೆಯನ್ನು ಮೂಲದಲ್ಲಿ ಓದಲೆಂದು ಸಂಸ್ಕೃತ ಕಲಿತಳು. 1943ರ ಆಗಸ್ಟಿನಲ್ಲಿ ಇಂಗ್ಲೆಂಡಿನ ಕ್ಷಯರೋಗದ ಆಸ್ಪತ್ರೆಯೊಂದರಲ್ಲಿ, ತನ್ನ ದೇಶದ ಜನಕ್ಕೆ ಸಿಗುವುದಕ್ಕಿಂತ ಹೆಚ್ಚಿನ ಅನ್ನವನ್ನು ಒಲ್ಲೆನೆಂದು ಹಟಹಿಡಿದು, ಮೂವತ್ತನಾಲ್ಕರಲ್ಲಿ ತೀರಿಕೊಂಡಳು. ಈ ಕಾಠಿಣ್ಯ ನನ್ನನ್ನು ಹೆದರಿಸುತ್ತದೆ, ಅನುಕರಣೀಯವೆಂದು ಹೇಳಲಾರೆ.

ನಾನು ಹೇಳಹೊರಟ ಪ್ರಬಂಧ, ಪೆರ್ರಾಂ ಎಂಬ ಪಾದ್ರಿಯವರ ಬಳಿಯಿದ್ದ ಕ್ಯಾಥೊಲಿಕ್ ವಿದ್ಯಾರ್ಥಿಗಳಿಗಾಗಿ ಬರೆದದ್ದು. ಅದರ ಸಾರ ಬಹು ಸರಳ. ಪ್ರಾರ್ಥನೆಯೆಂದರೆ ಅವಧಾನ. ಆದ್ದರಿಂದ ಶಾಲೆಯ ಪಾಠಗಳೆಲ್ಲ, ಬಾಲಕನಿಗೆ ಅರಿವಿಲ್ಲದೆಯೇ, ಪ್ರಾರ್ಥನೆಯ ಪೂರ್ವಸಿದ್ಧತೆ. ರೇಖಾಗಣಿತದ ಸಮಸ್ಯೆಯೊಂದರ ಮುಂದೆ ಒಂದು ಗಂಟೆ ಕುಳಿತು ಅದು ಬಿಡಿಸಲಾರದೆ ಹೋದರೂ ಆ ಗಂಟೆ ವ್ಯರ್ಥವಲ್ಲ. ಅದರ ಬೆಳಕು ಎಂದೋ ಒಂದು ದಿನ ಬೇರೆಲ್ಲೋ ಬಿದ್ದೀತು. ಇನ್ನೊಂದು ಮಾತು ಇದಕ್ಕಿಂತ ಕಷ್ಟದ್ದು: ಕೆಟ್ಟುಹೋದ ಅಭ್ಯಾಸವನ್ನು, ತಿದ್ದಿ ಬಂದ ಪುಸ್ತಕವನ್ನು ಮೂಲೆಗೆಸೆಯದೆ, ಪ್ರತಿಯೊಂದು ತಪ್ಪನ್ನೂ ನೇರವಾಗಿ, ನಿಧಾನವಾಗಿ ದಿಟ್ಟಿಸಿ ನೋಡಬೇಕು. ಅಂಕವನ್ನು ನೋಡಿದೊಡನೆ ಪುಸ್ತಕ ಮುಚ್ಚುವ ಶಿಷ್ಯವರ್ಗವನ್ನು ನಾನು ಬಲ್ಲೆ. ಅಂಕ ಹಾಕಿದೊಡನೆ ಮುಚ್ಚುವ ಗುರುವರ್ಗಕ್ಕೆ ನಾನೇ ಸೇರಿದವನು.

ಕನ್ನಡದ ಮೇಷ್ಟರಾದ್ದರಿಂದ ಶಬ್ದದ ಬೆನ್ನುಹತ್ತದೆ ಇರಲಾರೆ, ವಾಚಕರು ಕ್ಷಮಿಸಬೇಕು. 'ಗಮನ'ವೆಂದರೆ ಮೂಲದಲ್ಲಿ ಹೋಗುವುದು: ಮನಸ್ಸು ಎದ್ದು ವಸ್ತುವಿನತ್ತ ಧಾವಿಸುತ್ತದೆ. 'ಅವಧಾನ'ವೋ, ಅಷ್ಟಾವಧಾನ ಶತಾವಧಾನಗಳ ಖ್ಯಾತಿಯಿಂದಾಗಿ, ಎಂಟು ಕಡೆ ನೂರು ಕಡೆ ಚಿತ್ತವನ್ನು ನಿಲ್ಲಿಸುವ ಸಾಹಸವೆಂದು ಮನಸ್ಸಿಗೆ ಬರುತ್ತದೆ. ಆಕೆಯ ಕಲ್ಪನೆಯಲ್ಲಿ ಸಾಹಸವೂ ಇಲ್ಲ, ಧಾವಂತವೂ ಇಲ್ಲ. ಮನಸ್ಸನ್ನು ಬರಿದುಮಾಡಿಕೊಂಡು, ಎದುರಿನದು ತಾನಾಗಿ ಒಳಬರಲೆಂದು ನಿಲ್ಲುವುದು. ಒಂದೇ ಮಾತಿನಲ್ಲಿ, ಕಾಯುವುದು. ನಮ್ಮ 'ಕಾಯು' ಎಂಬ ಧಾತುವಿಗೆ ನಿರೀಕ್ಷಿಸು ಎಂಬ ಅರ್ಥವೂ ಉಂಟು, ರಕ್ಷಿಸು ಎಂಬ ಅರ್ಥವೂ ಉಂಟು. ದನ ಕಾಯುವವನು ಎರಡನ್ನೂ ಮಾಡುತ್ತಾನೆ. ಈ ಶಬ್ದ ಸಿಕ್ಕಿದ್ದರೆ ಆಕೆ ಎಷ್ಟು ಹಿಗ್ಗುತ್ತಿದ್ದಳೋ!

ರಾಜಕೀಯಕ್ಕೂ ಆಕೆ ಹಿಡಿದದ್ದು ಇದೇ ಅಳತೆಗೋಲು. ಸಾಯುವ ವರ್ಷ ಲಂಡನ್ನಿನಲ್ಲಿ ಬರೆದ, 1950ರಲ್ಲಿ ಪ್ರಕಟವಾದ ಲೇಖನವೊಂದರಲ್ಲಿ ರಾಜಕೀಯ ಪಕ್ಷಗಳನ್ನೇ ರದ್ದುಮಾಡಬೇಕೆಂದು ವಾದಿಸಿದಳು. ಪಕ್ಷಕ್ಕೆ ಸೇರಿದವನು ಎದುರಿನ ವಿಷಯವನ್ನು ನೋಡುವುದಿಲ್ಲ. ಅದರ ಬಗ್ಗೆ ತನ್ನ ಪಕ್ಷ ಏನೆಂದೀತೆಂದು ನೋಡುತ್ತಾನೆ. ಈ ಚಿಕಿತ್ಸೆಯನ್ನು ನಾನು ಒಪ್ಪಲಾರೆ. ಪಕ್ಷಗಳನ್ನು ಅಳಿಸಿದ ನಾಡುಗಳಲ್ಲಿ ವಿಚಾರ ಅರಳಿದ್ದನ್ನು ಚರಿತ್ರೆ ಕಂಡಿಲ್ಲ. ಆದರೆ ರೋಗದ ನಿದಾನ ಸರಿಯಾಗಿದೆ. ಅದು ಶಾಲೆಗೂ ಹರಡಿದೆಯೆಂದು ಆಕೆ ದೂರಿದಳು: ಮಕ್ಕಳ ಮುಂದೆ ಒಂದು ವಾಕ್ಯವನ್ನಿಟ್ಟು, ಒಪ್ಪುವೆಯೋ ಇಲ್ಲವೋ, ವಾದಿಸು ಎನ್ನುತ್ತೇವೆ; ಪಾಪ, ಮೂರು ಗಂಟೆಯಲ್ಲಿ ಮುಗಿಸಬೇಕಾದ ಹುಡುಗ ಮೊದಲ ಐದು ನಿಮಿಷದಲ್ಲೇ ಪಕ್ಷ ಹಿಡಿಯುತ್ತಾನೆ. ವರ್ಷವರ್ಷವೂ ಚರ್ಚಾಸ್ಪರ್ಧೆ ನಡೆಸಿ, ಚೀಟಿ ಎತ್ತಿಸಿ, 'ಪರ'ವೆಂದು ಬಂದವರಿಂದ ಪರವಾಗಿಯೂ 'ವಿರೋಧ'ವೆಂದು ಬಂದವರಿಂದ ವಿರೋಧವಾಗಿಯೂ ಭಾಷಣ ಮಾಡಿಸಿದವನು ನಾನು. ಬೆಳ್ಳಿಯ ಬಟ್ಟಲನ್ನೂ ಕೊಡಿಸಿದ್ದೇನೆ.

ಕಳೆದ ವರ್ಷದ ಕಿರುಪರೀಕ್ಷೆಯಲ್ಲಿ ನಾನು ಕೊಟ್ಟ ಪ್ರಶ್ನೆ: "ಗ್ರಾಮಜೀವನವೇ ನಗರಜೀವನಕ್ಕಿಂತ ಮೇಲು: ಸಮರ್ಥಿಸಿ ಅಥವಾ ಖಂಡಿಸಿ." ಎಲ್ಲರೂ ಸಮರ್ಥಿಸಿದರು, ಇಲ್ಲವೇ ಖಂಡಿಸಿದರು. ಒಬ್ಬ ಹುಡುಗಿ ಮಾತ್ರ ಎರಡನ್ನೂ ಮಾಡಲಿಲ್ಲ. ತನ್ನ ತಂದೆ ಪೇಟೆಯಲ್ಲಿ ಕುಳಿತು ಸದಾ ಊರಿನ ಮಾತಾಡುವುದನ್ನು, ಊರಿಗೆ ಹೋದ ಎರಡನೆಯ ದಿನವೇ ಪೇಟೆಗೆ ಹಿಂದಿರುಗಲು ಚಡಪಡಿಸುವುದನ್ನು ಬರೆದು, ಯಾವುದು ಮೇಲೆಂದು ತನಗಿನ್ನೂ ತಿಳಿದಿಲ್ಲವೆಂದು ನಿಲ್ಲಿಸಿದ್ದಳು. ನಾನು ಅಂಚಿನಲ್ಲಿ ಕೆಂಪು ಶಾಯಿಯಿಂದ 'ವಿಷಯಾಂತರ' ಎಂದು ಬರೆದು ಹತ್ತಕ್ಕೆ ಎರಡು ಅಂಕ ಕೊಟ್ಟೆ.

ಮರುದಿನ ಅವಳು ಅಧ್ಯಾಪಕರ ಕೊಠಡಿಗೆ ಬಂದು ನನ್ನ ಮೇಜಿನ ಬಳಿ ನಿಂತಳು. ಮುಂದಿನ ಕಟ್ಟಿನ ಮೌಲ್ಯಮಾಪನ ಸಾಗಿತ್ತು. "ಹೇಳಮ್ಮ, ಕೇಳಿಸ್ಕೊಳ್ತಾ ಇದ್ದೀನಿ" ಎಂದೆ, ತಲೆಯೆತ್ತದೆ. ಸ್ವಲ್ಪ ಹೊತ್ತು ನಿಂತಿದ್ದು, "ಏನಿಲ್ಲ ಸಾರ್" ಎಂದು ಹೊರಟುಹೋದಳು. ಹಾಜರಿಯಲ್ಲಿ ಅವಳ ಹೆಸರು ಕೂಗಿ ಉತ್ತರ ಬಾರದೆ ವಾರವಾದ ಮೇಲೆ, ವರ್ಗಾವಣೆ ಪತ್ರ ಪಡೆದು ಹೋಗಿದ್ದಾಳೆಂದು ಕಚೇರಿಯವರು ತಿಳಿಸಿದರು. ಕಾರಣ ಅವರಿಗೂ ಗೊತ್ತಿರಲಿಲ್ಲ, ಗೆಳತಿಯರಿಗೂ ಗೊತ್ತಿರಲಿಲ್ಲ.

ವೇಯ್ ತನ್ನ ಪ್ರಬಂಧದ ಕೊನೆಯಲ್ಲಿ ಒಂದು ಹಳೆಯ ಕತೆಯನ್ನು ನೆನೆಯುತ್ತಾಳೆ. ಗಾಯದಿಂದ ನರಳುತ್ತಿರುವ ರಾಜನೊಬ್ಬ ಪವಿತ್ರ ಪಾತ್ರೆಯೊಂದನ್ನು ಕಾಯುತ್ತಿದ್ದಾನೆ, "ನಿನಗೇನು ಬಾಧೆ?" ಎಂದು ಅವನನ್ನು ಮೊದಲು ಕೇಳಿದವನಿಗೇ ಆ ಪಾತ್ರೆ. ನೆರೆಯವನ ಪ್ರೀತಿಯೆಂದರೆ ಈ ಒಂದು ಪ್ರಶ್ನೆಯನ್ನು ಕೇಳಲು ಬಲ್ಲವನಾಗುವುದು, ಎಂದು ಆಕೆಯ ಅಭಿಪ್ರಾಯ.

ಉತ್ತರಪತ್ರಿಕೆ ನನ್ನಲ್ಲೇ ಉಳಿದಿದೆ. ತಪ್ಪು ನನ್ನದಾದ್ದರಿಂದ, ಆಕೆ ಹೇಳಿದಂತೆ, ನಿಧಾನವಾಗಿ ಹಲವು ಸಾರಿ ಓದಿದ್ದೇನೆ. ಒಂದೂವರೆ ಪುಟ, ಕಾಗುಣಿತದ ದೋಷ ಒಂದೇ ಒಂದು. ಅಂದು ಅವಳು ಹೇಳಲು ಬಂದದ್ದು ಏನೋ, ಅದು ಮಾತ್ರ ಅದರಲ್ಲಿಲ್ಲ.