ಮಗನ ಪರೇಡ್ ನೋಡಲು ಹೊರಟಿರಾ?

‘ಪುಟ್ಟನ ಪರೇಡ್ ಅಂತೆ ಕಣೇ, ನೀನೂ ಬರಬೇಕು’ ಅಂತ ದಾವಣಗೆರೆಯಿಂದ ಅಕ್ಕ ಫೋನ್ ಮಾಡಿದಾಗ ನನಗೆ ಆಶ್ಚರ್ಯ. ಮಗ ಡಿಪ್ಲೊಮಾ ಬಿಟ್ಟು ಅಗ್ನಿವೀರನಾಗಿ ಸೇನೆ ಸೇರ್ತೀನಿ ಅಂದಾಗ ವಾರವಿಡೀ ಅವನ ಜೊತೆ ಮಾತು ಬಿಟ್ಟವಳು ಅವಳು. ಅವನು ಹೊರಟ ದಿನ ಬಸ್‌ಸ್ಟ್ಯಾಂಡಿಗೂ ಹೋಗಿರಲಿಲ್ಲ. ಈಗ ಅದೇ ಅಕ್ಕ ಎರಡು ಡಬ್ಬಿ ಕೊಡುಬಳೆ ಕರಿದಿಟ್ಟುಕೊಂಡು ಬೆಳಗಾವಿಗೆ ಹೊರಟು ನಿಂತಿದ್ದಳು!

ಹೋಗಿ ಬಂದೆವು. ಸಾಕಷ್ಟು ಎಡವಟ್ಟನ್ನೂ ಮಾಡಿಕೊಂಡೆವು. ನಿಮ್ಮ ಮನೆಯಲ್ಲೂ ಮಗನೋ ಮಗಳೋ ತರಬೇತಿಯಲ್ಲಿದ್ದರೆ ನಮ್ಮ ಅನುಭವ ನಿಮಗೆ ಉಪಯೋಗಕ್ಕೆ ಬಂದೀತು.

ಏನಿದು ಪರೇಡ್?

ತರಬೇತಿ ಮುಗಿಸಿದ ಮಕ್ಕಳು ಸೈನಿಕರಾಗುವ ದಿನವಿದು. ಸೇನೆಯಲ್ಲಿ ಇದನ್ನು ‘ಕಸಮ್ ಪರೇಡ್’ ಅಂತಲೂ ಕರೆಯುತ್ತಾರೆ. ಕಸಮ್ ಅಂದರೆ ಆಣೆ. ಧರ್ಮಗುರುಗಳು ಗೀತೆ, ಕುರಾನ್, ಬೈಬಲ್, ಗುರು ಗ್ರಂಥ ಸಾಹಿಬ್ ಹಿಡಿದು ನಿಲ್ಲುತ್ತಾರೆ. ಅವರವರ ಧರ್ಮಗ್ರಂಥದ ಸಾಕ್ಷಿಯಾಗಿ ಮಕ್ಕಳು ಪ್ರತಿಜ್ಞೆ ಮಾಡುತ್ತಾರೆ. ನೆಲ, ಜಲ, ಆಕಾಶ ಯಾವ ದಾರಿಯಲ್ಲಿ ಕಳಿಸಿದರೂ ಹೋಗುತ್ತೇನೆ, ಪ್ರಾಣಕ್ಕೆ ಅಪಾಯವಿದ್ದರೂ ಆಜ್ಞೆ ಪಾಲಿಸುತ್ತೇನೆ ಎಂಬುದು ಅದರ ಸಾರ. ಹೆತ್ತವರ ಎದೆ ಝಲ್ ಅನ್ನುವುದು ಇಲ್ಲೇ.

ನಮ್ಮಲ್ಲಿ ಬೆಳಗಾವಿಯ ಮರಾಠಾ ಲಘು ಪದಾತಿ ದಳದ ಕೇಂದ್ರ, ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್, ಎ.ಎಸ್.ಸಿ. ಕೇಂದ್ರ ಮುಂತಾದ ಕಡೆ ಈ ಪರೇಡ್‌ಗಳು ನಡೆಯುತ್ತವೆ. ಇದು ಗಂಡುಮಕ್ಕಳಿಗಷ್ಟೇ ಅಂದುಕೊಳ್ಳಬೇಡಿ. ಬೆಂಗಳೂರಿನ ಸೇನಾ ಪೊಲೀಸ್ ಕೇಂದ್ರದಿಂದ 2021ರ ಮೇ ತಿಂಗಳಲ್ಲಿ 83 ಹೆಣ್ಣುಮಕ್ಕಳ ಮೊದಲ ತಂಡ ತರಬೇತಿ ಮುಗಿಸಿ ಹೊರಬಂತು.

ಹೊರಡುವ ಮುನ್ನ

* ದಿನಾಂಕದ ಜೊತೆಗೆ ಹೊತ್ತನ್ನೂ ಕೇಳಿಕೊಳ್ಳಿ. ಸಾಮಾನ್ಯವಾಗಿ ಪರೇಡ್ ಬೆಳಗಿನ ಹೊತ್ತೇ ಇರುತ್ತದೆ. ಆದರೆ ಒಡಿಶಾದ ಐ.ಎನ್.ಎಸ್. ಚಿಲ್ಕಾದಲ್ಲಿ ನೌಕಾಪಡೆಯ ಮೊದಲ ಅಗ್ನಿವೀರರ ಪರೇಡ್ 2023ರ ಮಾರ್ಚ್ 28ರಂದು ನಡೆದದ್ದು ಸೂರ್ಯ ಮುಳುಗಿದ ಮೇಲೆ!

* ಹಿಂದಿನ ದಿನವೇ ಊರು ಸೇರಿಕೊಳ್ಳಿ. ರಾತ್ರಿ ರೈಲು ಹತ್ತಿ ಬೆಳಗ್ಗೆ ಇಳಿದರಾಯ್ತು ಅಂದುಕೊಂಡರೆ, ರೈಲು ತಡವಾಗಿ ನೀವು ಗೇಟು ಮುಟ್ಟುವಷ್ಟರಲ್ಲಿ ಪರೇಡೇ ಮುಗಿದಿರುತ್ತದೆ. ಲಾಡ್ಜ್ ಮೊದಲೇ ಗೊತ್ತು ಮಾಡಿ. ನೂರಾರು ಮನೆಯವರು ಅದೇ ದಿನ ಬಂದಿಳಿಯುತ್ತಾರೆ.

* ಎಷ್ಟು ಜನ ಬರಬಹುದು ಅಂತ ಮಗನನ್ನೇ ಕೇಳಿ. ಅತ್ತೆ, ಮಾವ, ಪಕ್ಕದ ಮನೆಯವರು ಅಂತ ಟೆಂಪೋ ತುಂಬಿಕೊಂಡು ಹೊರಡಬೇಡಿ.

* ಪ್ರತಿಯೊಬ್ಬರೂ ಅಸಲಿ ಆಧಾರ್ ಕಾರ್ಡನ್ನೇ ಒಯ್ಯಿರಿ. ನಮ್ಮ ಭಾವ ಜೆರಾಕ್ಸ್ ತಂದಿದ್ದರು. ಅಸಲಿ ತರಲು ಬೆಳಗಿನ ಚಳಿಯಲ್ಲಿ ಮತ್ತೆ ಲಾಡ್ಜಿಗೆ ಆಟೋ ಓಡಿಸಬೇಕಾಯ್ತು.

* ಮಗನ ಕಂಪನಿ, ಪ್ಲಟೂನ್ ಯಾವುದು, ಎಷ್ಟನೇ ಸಾಲಲ್ಲಿ ಇರ್ತಾನೆ ಅಂತ ಬರೆದಿಟ್ಟುಕೊಳ್ಳಿ. ಒಂದೇ ಸಮವಸ್ತ್ರ, ಒಂದೇ ಕ್ರಾಪು. ನಮ್ಮಕ್ಕ ಹತ್ತು ನಿಮಿಷ ಕಣ್ಣು ತುಂಬಿಕೊಂಡು ನೋಡಿದ್ದು ಬೇರೆ ಯಾರದೋ ಮಗನನ್ನು!

ಏನು ಉಡಬೇಕು, ಏನು ಒಯ್ಯಬೇಕು?

ರೇಷ್ಮೆ ಸೀರೆ ಉಡಬೇಕೆಂಬ ಆಸೆ ಸಹಜ. ಆದರೆ ಬಿಸಿಲಲ್ಲಿ ತುಂಬಾ ಹೊತ್ತು ಕೂರಬೇಕು, ದೂರ ನಡೆಯಬೇಕು. ಹತ್ತಿ ಸೀರೆ ಅಥವಾ ಚೂಡಿದಾರ್, ಚಪ್ಪಟೆ ಚಪ್ಪಲಿಯೇ ವಾಸಿ. ಬ್ಯಾಗು ಚಿಕ್ಕದಿರಲಿ, ದೊಡ್ಡ ಲಗೇಜು ಲಾಡ್ಜಿನಲ್ಲೇ ಇರಲಿ. ಹಿರಿಯರಿದ್ದರೆ ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆ, ಬಿಸ್ಕತ್ತು, ನೀರು ಜೊತೆಗಿರಲಿ.

ಮೊಬೈಲನ್ನು ಗೇಟಿನಲ್ಲೇ ಇಟ್ಟು ಹೋಗಿ ಅಂದರೂ ಅನ್ನಬಹುದು. ಹಾಗಾಗಿ ಸ್ವಲ್ಪ ನಗದು ಇಟ್ಟುಕೊಳ್ಳಿ, ಬೇಕಾದ ನಂಬರ್‌ಗಳನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಎಲ್ಲವನ್ನೂ ಫೋನಿನಲ್ಲೇ ಇಟ್ಟುಕೊಂಡು ಬರಿಗೈಯಲ್ಲಿ ನಿಲ್ಲುವಂತಾಗಬಾರದು.

ಮೈದಾನದಲ್ಲಿ

* ಕೂರುವ ಮೊದಲೇ ಶೌಚಾಲಯಕ್ಕೆ ಹೋಗಿ ಬನ್ನಿ. ಪರೇಡ್ ನಡುವೆ ಎದ್ದು ಓಡಾಡುವುದು ಚೆನ್ನಾಗಿರುವುದಿಲ್ಲ.

* ರಾಷ್ಟ್ರಧ್ವಜ, ರೆಜಿಮೆಂಟಿನ ನಿಶಾನ್ ಬಂದಾಗ, ರಾಷ್ಟ್ರಗೀತೆ ನುಡಿಸಿದಾಗ ಎದ್ದು ನಿಲ್ಲಿ. ಚಿಕ್ಕ ಮಕ್ಕಳಿಗೂ ಮೊದಲೇ ಹೇಳಿಕೊಟ್ಟಿರಿ.

* ‘ಪುಟ್ಟೂ...’ ಅಂತ ಕೂಗಿ ಕೈ ಬೀಸಬೇಡಿ. ಅವನು ತಿರುಗಿ ನೋಡುವಂತಿಲ್ಲ, ಪಾಪ. ಬಿಸಿಲಿಗೆ ಯಾರಾದರೂ ತಲೆ ಸುತ್ತಿ ಬಿದ್ದರೂ ಮೈದಾನಕ್ಕೆ ಓಡಬೇಡಿ, ನೋಡಿಕೊಳ್ಳುವವರು ಅಲ್ಲೇ ಇರುತ್ತಾರೆ.

* ಫೋಟೊ ಎಲ್ಲಿ ತೆಗೆಯಬಹುದು ಅಂತ ಕೇಳಿಯೇ ತೆಗೆಯಿರಿ. ಯೂನಿಟ್ ಹೆಸರು, ಮುಂದೆ ಹೋಗುವ ಊರು, ಪ್ರಯಾಣದ ದಿನ ಇವನ್ನೆಲ್ಲ ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕಲೇಬೇಡಿ. ಇದು ನಿಮ್ಮ ಮಗನೊಬ್ಬನದಲ್ಲ, ಅವನ ಜೊತೆಯವರೆಲ್ಲರ ಸುರಕ್ಷತೆಯ ಮಾತು.

ಮಗ ಸಿಕ್ಕಾಗ

ಪರೇಡ್ ಮುಗಿದ ಮೇಲೆ ಮಕ್ಕಳು ಹೆತ್ತವರ ಬಳಿ ಬರುತ್ತಾರೆ. ಕೆಲವು ರೆಜಿಮೆಂಟಲ್ ಕೇಂದ್ರಗಳಲ್ಲಿ ತಂದೆ-ತಾಯಿಗೆ ‘ಗೌರವ್ ಪದಕ’ ತೊಡಿಸುವ ಪದ್ಧತಿಯೂ ಇದೆ. ತಿಂಗಳುಗಟ್ಟಲೆ ಕಾದ ಭೇಟಿ ನೋಡಿ, ಹೊತ್ತು ಹೋದದ್ದೇ ತಿಳಿಯುವುದಿಲ್ಲ.

‘ಎಷ್ಟು ಸೊರಗಿದ್ದೀಯೋ, ಎಷ್ಟು ಕಪ್ಪಗಾಗಿದ್ದೀಯೋ’ ಅಂತ ಶುರು ಮಾಡಬೇಡಿ. ಅವನು ಸೊರಗಿಲ್ಲ, ಗಟ್ಟಿಯಾಗಿದ್ದಾನೆ. ಮನೆಯ ಸಾಲ, ಜಗಳದ ಸುದ್ದಿಯೂ ಆಮೇಲಿರಲಿ. ‘ನಾಲ್ಕು ವರ್ಷ ಆದ್ಮೇಲೆ ಏನು ಮಾಡ್ತೀಯಾ?’ ಅನ್ನುವ ಪ್ರಶ್ನೆಯಂತೂ ಅಂದು ಬೇಡವೇ ಬೇಡ. 2022ರಲ್ಲಿ ಅಗ್ನಿಪಥ ಯೋಜನೆ ಶುರುವಾದಾಗ ಹೇಳಿದ್ದು ನಾಲ್ಕು ವರ್ಷದ ಸೇವೆ, ಹೆಚ್ಚೆಂದರೆ ಶೇ. 25ರಷ್ಟು ಮಂದಿಗೆ ಮುಂದುವರಿಕೆ ಅಂತ. ಆ ಲೆಕ್ಕ ನಮಗಿಂತ ಚೆನ್ನಾಗಿ ಅವನಿಗೇ ಗೊತ್ತು. ನಮ್ಮ ಜೊತೆ ಬಂದಿದ್ದ ಸಂಬಂಧಿಕರೊಬ್ಬರು ಇದನ್ನೇ ಕೇಳಿ, ಅರಳಿದ್ದ ಮುಖ ಬಾಡುವಂತೆ ಮಾಡಿದರು.

ತರಬೇತಿ ಕೊಟ್ಟವರನ್ನು ಮಕ್ಕಳು ‘ಉಸ್ತಾದ್’ ಅನ್ನುತ್ತಾರೆ. ಅವರು ಎದುರಾದರೆ ಒಂದು ನಮಸ್ಕಾರ ಹೇಳಿ. ರಜೆ ಯಾವಾಗ ಸಿಗುತ್ತದೆ ಅಂತ ಗೊತ್ತಾಗದೆ ಮಗನಿಗೂ ವಾಪಸ್ ಟಿಕೆಟ್ ಮಾಡಿಸಬೇಡಿ.

ಇನ್ನೊಂದು ಮಾತು. ದೂರದ ಊರು, ಖರ್ಚು ಅಂತ ಕೆಲವರ ಮನೆಯಿಂದ ಯಾರೂ ಬಂದಿರುವುದಿಲ್ಲ. ಪುಟ್ಟ ಕೊಡುಬಳೆ ಡಬ್ಬಿ ತೆಗೆದು, ತಾನು ಒಂದೇ ಒಂದು ತಿಂದು, ‘ಅಮ್ಮ, ಇವನ ಮನೆಯಿಂದ ಯಾರೂ ಬಂದಿಲ್ಲ’ ಅಂತ ಪಕ್ಕದಲ್ಲಿದ್ದವನ ಕೈಗೆ ಕೊಟ್ಟ. ಅಕ್ಕ ಆ ಹುಡುಗನ ತಲೆಯನ್ನೂ ಸವರಿದಳು. ತಿಂಡಿ ಒಯ್ಯಲು ಬಿಡುತ್ತಾರಾ ಅಂತ ಮೊದಲೇ ಕೇಳಿ, ಬಿಟ್ಟರೆ ಒಂದು ಮುಷ್ಟಿ ಜಾಸ್ತಿಯೇ ಇರಲಿ.

ಅವನನ್ನು ಬೀಳ್ಕೊಟ್ಟು ವಾಪಸ್ ಬರುವಾಗ ಅಕ್ಕ ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿಕೊಂಡು, ‘ಊಟ ಸೇರ್ತಿದ್ಯಾ, ನಿದ್ದೆ ಬರ್ತಿದ್ಯಾ ಅಂತಲೇ ಹೊತ್ತು ಕಳೆದೆ ಕಣೇ. ಹೇಳಬೇಕಾದ್ದನ್ನ ಹೇಳಲೇ ಇಲ್ಲ’ ಅಂದಳು. ಅದಕ್ಕೇ ಹೇಳ್ತೀನಿ, ಮನಸ್ಸಿನಲ್ಲಿ ಇರುವ ಆ ಒಂದು ಮಾತನ್ನು ಎಲ್ಲಕ್ಕಿಂತ ಮೊದಲು ಹೇಳಿಬಿಡಿ. ಉಳಿದದ್ದನ್ನು ಫೋನಿನಲ್ಲೂ ಕೇಳಬಹುದು.

ಮುಂದಿನ ಭಾನುವಾರ ಪುಟ್ಟ ಫೋನ್ ಮಾಡಿದಾಗ ಅಕ್ಕ ಧೈರ್ಯ ಮಾಡಿದಳಂತೆ: ‘ಅವತ್ತು ನಾನು ಬಸ್‌ಸ್ಟ್ಯಾಂಡಿಗೆ ಬರಬೇಕಿತ್ತು ಕಣೋ.’ ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, ‘ಪರೇಡಿಗೆ ಬಂದ್ಯಲ್ಲಮ್ಮ. ಕೊಡುಬಳೆ ಎಲ್ಲಾ ಖಾಲಿ, ರಜೆಗೆ ಬಂದಾಗ ಮತ್ತೆ ಮಾಡಿಡು’ ಅಂದನಂತೆ.